ಆಧಾರ್ ಇಲ್ಲದ ನಿರಾಶ್ರಿತ ಮಗುವನ್ನು ಸರ್ಕಾರಿ ಶಾಲೆ ಸೇರಿಸಿಕೊಳ್ಳಬೇಕಾ?

ಪ್ರಶ್ನೆ: ನಾವು ಬೆಂಗಳೂರಿನ ಉತ್ತರ ಭಾಗದ ಒಂದು ಬಡಾವಣೆಯಲ್ಲಿದ್ದೇವೆ. ನಮ್ಮ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ತಗಡಿನ ಶೆಡ್‌ಗಳಿವೆ. ಅಲ್ಲಿರುವವರು ಮ್ಯಾನ್ಮಾರ್‌ನಿಂದ ಬಂದ ರೋಹಿಂಗ್ಯಾ ಕುಟುಂಬಗಳು. ಚಿಂದಿ ಆಯುವ ಕೆಲಸ ಮಾಡುತ್ತಾರೆ. ಅಲ್ಲಿನ ಎಂಟು ವರ್ಷದ ಹುಡುಗಿಯೊಬ್ಬಳು ನಮ್ಮ ಮನೆಗೆ ಬರುತ್ತಿರುತ್ತಾಳೆ. ತುಂಬಾ ಚುರುಕು, ಆದರೆ ಒಂದು ದಿನವೂ ಶಾಲೆಗೆ ಹೋಗಿಲ್ಲ. ಅವಳ ತಾಯಿಯ ಜೊತೆ ಹತ್ತಿರದ ಸರ್ಕಾರಿ ಶಾಲೆಗೆ ಹೋದೆ. ಆಧಾರ್ ಇಲ್ಲ, ಜನನ ಪ್ರಮಾಣಪತ್ರ ಇಲ್ಲ, ಕಂಪ್ಯೂಟರ್ ಹೆಸರು ತಗೊಳ್ಳಲ್ಲ ಎಂದು ವಾಪಸ್ ಕಳಿಸಿದರು. ಕಾನೂನು ಏನು ಹೇಳುತ್ತದೆ? ಸೇರಿಸಿಕೊಂಡರೂ ಒಂದನೇ ಕ್ಲಾಸಿನಲ್ಲಿ ಕೂರಿಸುತ್ತಾರಾ? ನಮ್ಮ ಮಹಿಳಾ ಸಂಘದವರು ಶೆಡ್ ಹತ್ತಿರವೇ ನಾವೇ ಪಾಠ ಹೇಳಿಕೊಡೋಣ ಅನ್ನುತ್ತಿದ್ದಾರೆ. ಅಷ್ಟು ಸಾಕಾ? ಇದರಿಂದ ನನಗೋ ಆ ಕುಟುಂಬಕ್ಕೋ ತೊಂದರೆ ಆಗಬಹುದಾ?

ಉತ್ತರ: ಸೇರಿಸಿಕೊಳ್ಳಲೇಬೇಕು. ಆಧಾರ್ ಇಲ್ಲ ಎಂದು ಮಗುವನ್ನು ವಾಪಸ್ ಕಳಿಸುವ ಅಧಿಕಾರ ಯಾವ ಸರ್ಕಾರಿ ಶಾಲೆಗೂ ಇಲ್ಲ. ಜನನ ಪ್ರಮಾಣಪತ್ರ ಇಲ್ಲ ಎಂದೂ ಕಳಿಸುವಂತಿಲ್ಲ. ನೀವು ಇನ್ನೊಂದು ಸಲ ಹೋಗಬೇಕು ಮೇಡಂ. ಆದರೆ ಈ ಸಲ ಕೈಯಲ್ಲಿ ಒಂದು ಅರ್ಜಿ ಇರಲಿ. ಮುಖ್ಯ ಶಿಕ್ಷಕರ ಎದುರು ಕೂತಾಗ ಧೈರ್ಯ ಬರಬೇಕಾದರೆ ಕಾನೂನು ಸ್ವಲ್ಪ ಗೊತ್ತಿರಬೇಕು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಸಂವಿಧಾನದಲ್ಲಿ ಕೆಲವು ಹಕ್ಕುಗಳು ಈ ದೇಶದ ಪ್ರಜೆಗಳಿಗೆ ಮಾತ್ರ. ಮಾತಾಡುವ ಸ್ವಾತಂತ್ರ್ಯ, ಎಲ್ಲಿ ಬೇಕಾದರೂ ನೆಲೆಸುವ ಸ್ವಾತಂತ್ರ್ಯ ಇವೆಲ್ಲ ಆ ಸಾಲಿನವು. ಶಿಕ್ಷಣದ ಹಕ್ಕು ಹಾಗಲ್ಲ. 2002ರ 86ನೇ ತಿದ್ದುಪಡಿಯಿಂದ ಬಂದ 21ಎ ವಿಧಿ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಬೇಕು ಎನ್ನುತ್ತದೆ. ಅದನ್ನು ಜಾರಿಗೆ ತಂದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ. ಆರ್‌ಟಿಇ ಅಂದ ಕೂಡಲೇ ನಮ್ಮ ಜನಕ್ಕೆ ಖಾಸಗಿ ಶಾಲೆಯ ಶೇ 25 ಸೀಟು ಮಾತ್ರ ನೆನಪಾಗುತ್ತದೆ. ಅದು ಕಾಯ್ದೆಯ ಒಂದು ತುಣುಕು ಅಷ್ಟೇ. ಅದರ ಜೀವಾಳ ಇರುವುದು 3ನೇ ಸೆಕ್ಷನ್‌ನಲ್ಲಿ. ಪ್ರತಿ ಮಗುವಿಗೂ ತನ್ನ ನೆರೆಹೊರೆಯ ಶಾಲೆಯಲ್ಲಿ ಓದುವ ಹಕ್ಕಿದೆ ಎಂದು ಅದು ಹೇಳುತ್ತದೆ. ಆ ಮಗು ಯಾವ ದೇಶದ್ದು ಎಂದು ಕಾಯ್ದೆ ಎಲ್ಲೂ ಕೇಳುವುದಿಲ್ಲ.

‘ಭಾರತ ನಿರಾಶ್ರಿತರ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲವಲ್ಲ’ ಎಂದು ಯಾರಾದರೂ ನಿಮ್ಮನ್ನು ಕೇಳಬಹುದು. ನಿಜ, 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ನಾವು ಸೇರಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾನೂನೂ ನಮ್ಮಲ್ಲಿಲ್ಲ. ಆದರೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿಕೊಂಡಿದೆ. ಪ್ರಾಥಮಿಕ ಶಿಕ್ಷಣ ಎಲ್ಲ ಮಕ್ಕಳಿಗೂ ಉಚಿತವಾಗಿ ಸಿಗಬೇಕು ಎಂಬ ಮಾತು ಅದರಲ್ಲಿದೆ. ಇನ್ನು 1996ರಲ್ಲಿ, ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಪ್ರಜೆಯಾಗಿರಲಿ, ಇಲ್ಲದಿರಲಿ, ಈ ನೆಲದ ಮೇಲಿರುವ ಪ್ರತಿ ಮನುಷ್ಯನ ಜೀವ, ಸ್ವಾತಂತ್ರ್ಯ ಕಾಯುವುದು ಸರ್ಕಾರದ ಹೊಣೆ.

ರೋಹಿಂಗ್ಯಾ ಮಕ್ಕಳ ವಿಷಯವೇ ಕೋರ್ಟಿಗೆ ಹೋಗಿದೆ. 2024ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟ್ ಇಂಥ ಒಂದು ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ, ಕೇಂದ್ರ ಗೃಹ ಸಚಿವಾಲಯಕ್ಕೆ ಹೋಗಿ ಎಂದಿತು. ಮುಂದೆ 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ದಾರಿ ತೋರಿಸಿತು. ಮಕ್ಕಳು ಮೊದಲು ಸರ್ಕಾರಿ ಶಾಲೆಗೆ ಅರ್ಜಿ ಹಾಕಲಿ, ಸೇರಿಸಿಕೊಳ್ಳದಿದ್ದರೆ ಹೈಕೋರ್ಟಿಗೆ ಹೋಗಲಿ ಎಂದಿತು. ಅದು ದೆಹಲಿಯ ಮಕ್ಕಳ ಪ್ರಕರಣ. ಕರ್ನಾಟಕಕ್ಕೆ ಬಂದ ಆದೇಶ ಅಂತ ಹೇಳಿಕೊಂಡು ಹೋಗಬೇಡಿ. ಆದರೆ ಮೊದಲು ಅರ್ಜಿ ಹಾಕಿ ಅಂದ ಮಾತು ಮಾತ್ರ ನಿಮಗೂ ಅನ್ವಯಿಸುತ್ತದೆ. ಅರ್ಜಿಯೇ ಕೊಡದಿದ್ದರೆ ನಾಳೆ ‘ಈ ಮಗು ನಮ್ಮ ಶಾಲೆಗೆ ಬಂದೇ ಇಲ್ಲ’ ಎಂದು ಹೇಳುವುದು ಸುಲಭ. ಹಿಂದಿನ ಸಲ ನೀವು ಹೋಗಿ ಬಂದದ್ದಕ್ಕೆ ಈಗ ಏನು ಸಾಕ್ಷಿ ಇದೆ ಹೇಳಿ? ಏನೂ ಇಲ್ಲ, ಅಲ್ವಾ?

ಆಧಾರ್ ವಿಷಯಕ್ಕೆ ಬರೋಣ. ಆಧಾರ್ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಹೆಸರಿನ ಪ್ರಕರಣದಲ್ಲೇ 2018ರ ಸೆಪ್ಟೆಂಬರ್ 26ರಂದು ತೀರ್ಪು ಬಂತು. ಶಾಲೆಗೆ ಸೇರಿಸಲು ಆಧಾರ್ ಕಡ್ಡಾಯವಲ್ಲ, 6ರಿಂದ 14ರ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕು, ಅದು ಸರ್ಕಾರ ಕೊಡುವ ಸವಲತ್ತಲ್ಲ ಎಂದು ಕೋರ್ಟ್ ಹೇಳಿತು. ಆಧಾರ್ ಸಂಖ್ಯೆ ಇಲ್ಲ ಎಂಬ ಕಾರಣಕ್ಕೆ ಯಾವ ಮಗುವಿಗೂ ಯಾವ ಯೋಜನೆಯೂ ತಪ್ಪಬಾರದು ಎಂದೂ ಸೇರಿಸಿತು. ಅಂದರೆ ಬಿಸಿಯೂಟ, ಹಾಲು, ಪಠ್ಯಪುಸ್ತಕ, ಸಮವಸ್ತ್ರ ಯಾವುದೂ ತಪ್ಪುವಂತಿಲ್ಲ. ಆಧಾರ್ ಕೊಡುವ ಪ್ರಾಧಿಕಾರವೇ ಅದೇ ತಿಂಗಳು ಶಾಲೆಗಳಿಗೆ ಇದೇ ಮಾತು ಹೇಳಿ ಸುತ್ತೋಲೆ ಕಳಿಸಿತ್ತು.

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಮಗು ಯಾಕೆ ವಾಪಸ್ ಬರುತ್ತದೆ? ನಾನು ನೋಡಿದ ಮಟ್ಟಿಗೆ, ಬಹಳ ಸಲ ಅದು ದ್ವೇಷದಿಂದಲ್ಲ, ಭಯದಿಂದ. ನಮ್ಮ ರಾಜ್ಯದಲ್ಲಿ ಪ್ರತಿ ಮಗುವಿನ ವಿವರ ಸ್ಯಾಟ್ಸ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋಗಬೇಕು. ಅಲ್ಲಿ ಆಧಾರ್ ಕಾಲಂ ಖಾಲಿ ಉಳಿದರೆ ಮೇಲಿನಿಂದ ಫೋನ್ ಬರುತ್ತದೆ. ಮುಖ್ಯ ಶಿಕ್ಷಕರೇ ಪಾಠ ಮಾಡಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಚುನಾವಣೆ ಕೆಲಸಕ್ಕೂ ಹೋಗಬೇಕು. ಅದರ ಮಧ್ಯೆ ಬೇರೆ ದೇಶದ ಮಗು ಎಂದರೆ ‘ಸುಮ್ನೆ ನನಗ್ಯಾಕೆ ಬೇಕು’ ಅನಿಸುವುದು ಸಹಜ. ಅವರ ಜೊತೆ ಜಗಳಕ್ಕೆ ಹೋಗಬೇಡಿ. ನಿಮ್ಮ ಅರ್ಜಿ ಅವರಿಗೂ ಒಂದು ರಕ್ಷಣೆ. ಯಾರಾದರೂ ಕೇಳಿದರೆ ತೋರಿಸಲು ಅವರ ಫೈಲಿನಲ್ಲಿ ಒಂದು ಕಾಗದ ಇರುತ್ತದೆ. ಮೊದಲು ದಾಖಲಾತಿ ಪುಸ್ತಕಕ್ಕೆ ಹೆಸರು ಬರೆದು ಮಗುವನ್ನು ಕ್ಲಾಸಿಗೆ ಕಳಿಸಿ, ಆನ್‌ಲೈನ್ ತೊಡಕಿದ್ದರೆ ಸಿಆರ್‌ಪಿ (ಸುತ್ತಲಿನ ಶಾಲೆಗಳಿಗೆ ನೆರವಾಗುವ ಇಲಾಖೆಯ ಸಂಪನ್ಮೂಲ ವ್ಯಕ್ತಿ) ಹತ್ತಿರ ಕೇಳೋಣ ಎಂದು ಹೇಳಿ. ಸಾಫ್ಟ್‌ವೇರ್ ಒಪ್ಪಲಿಲ್ಲ ಎಂಬುದು ಕಾಯ್ದೆಯಲ್ಲಿ ಎಲ್ಲೂ ಕಾರಣವಾಗಿಲ್ಲ.

ಪ್ರವೇಶದ ಫಾರಂ ಭರ್ತಿ ಮಾಡುವಾಗ ಪಕ್ಕದಲ್ಲೇ ಕೂರಿ. ಎಡವಟ್ಟು ಆಗುವುದು ಅಲ್ಲೇ. ಮೊದಲ ಕಾಲಂ ಹೆಸರು. ರೋಹಿಂಗ್ಯಾ ಕುಟುಂಬಗಳಲ್ಲಿ ಅಪ್ಪನಿಗೊಂದು, ಮಕ್ಕಳಿಗೊಂದು ಹೆಸರಿರುತ್ತದೆ, ಮನೆತನದ ಹೆಸರು ಅಂತ ಇರುವುದು ಕಡಿಮೆ. ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ, ಅಂದರೆ ಯುಎನ್‌ಎಚ್‌ಸಿಆರ್, ಕೊಟ್ಟ ಕಾರ್ಡ್ ಇದ್ದರೆ ಅದರಲ್ಲಿ ಇರುವ ಹಾಗೇ ಅಕ್ಷರ ಅಕ್ಷರ ನೋಡಿ ಬರೆಸಿ. ಮುಂದೆ ಎಲ್ಲ ಕಡೆಯೂ ಆ ಹೆಸರೇ ಹೊಂದಬೇಕು. ಆಮೇಲೆ ಜನ್ಮ ದಿನಾಂಕ. ಆರ್‌ಟಿಇಯ 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಎಂದು ಪ್ರವೇಶ ನಿರಾಕರಿಸುವಂತಿಲ್ಲ. ಜನನ ಪ್ರಮಾಣಪತ್ರ ಇಲ್ಲದಿದ್ದರೆ ಆಸ್ಪತ್ರೆ ಅಥವಾ ನರ್ಸ್ ಅಮ್ಮನ ದಾಖಲೆ, ಇಲ್ಲವೇ ಅಂಗನವಾಡಿ ದಾಖಲೆ ಆಗುತ್ತದೆ. ಅದೂ ಇಲ್ಲದಿದ್ದರೆ ತಂದೆ ತಾಯಿ ಬರೆದುಕೊಡುವ ವಯಸ್ಸಿನ ಘೋಷಣೆ ಸಾಕು ಎಂದು ನಿಯಮವೇ ಹೇಳುತ್ತದೆ. ಜನವರಿ 1 ಎಂದು ಬರೆದು ಕೈತೊಳೆದುಕೊಳ್ಳುವ ಅಭ್ಯಾಸ ಶಾಲೆಗಳಲ್ಲಿದೆ. ಅದಕ್ಕೆ ಬಿಡಬೇಡಿ. ಮಳೆಗಾಲವೋ, ರಂಜಾನ್ ಮುಗಿದ ಮೇಲೋ ಎಂದು ತಾಯಿಯನ್ನು ವಿಚಾರಿಸಿ, ಸಾಧ್ಯವಾದಷ್ಟು ಹತ್ತಿರದ ದಿನಾಂಕ ಹಾಕಿಸಿ.

ಜನ್ಮ ಸ್ಥಳ, ರಾಷ್ಟ್ರೀಯತೆ ಕಾಲಂ ಬಂದಾಗ ಯಾರೋ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ‘ಬೆಂಗಳೂರು, ಭಾರತೀಯ ಅಂತ ಬರೆದುಬಿಡಿ, ಯಾರು ನೋಡ್ತಾರೆ’ ಅನ್ನುತ್ತಾರೆ. ಇದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಮಗು ಎಲ್ಲಿ ಹುಟ್ಟಿತೋ ಅದನ್ನೇ ಬರೆಸಿ. ಏಜೆಂಟರು ದುಡ್ಡು ತಗೊಂಡು ಆಧಾರ್ ಮಾಡಿಸಿಕೊಡುತ್ತೇವೆ ಎಂದು ಶೆಡ್‌ಗಳ ಹತ್ತಿರ ಬರುತ್ತಾರೆ. ಆ ಕಡೆ ತಲೆ ಹಾಕಬೇಡಿ ಎಂದು ತಾಯಿಗೂ ತಿಳಿಸಿ ಹೇಳಿ. ಸುಳ್ಳು ದಾಖಲೆ ಇಲ್ಲದೆಯೇ ಈ ಮಗುವಿಗೆ ಶಾಲೆಯ ಹಕ್ಕಿದೆ. ಸುಳ್ಳು ದಾಖಲೆ ಬಂದ ಮೇಲೆ ಅಪ್ಪ ಅಮ್ಮ ಜೈಲಿಗೆ ಹೋಗುವ ಪರಿಸ್ಥಿತಿ ಬರುತ್ತದೆ.

ಮಗು ಬೆಂಗಳೂರಿನಲ್ಲೇ ಹುಟ್ಟಿದ್ದರೆ ಮಾತು ಬೇರೆ. ಈ ದೇಶದಲ್ಲಿ ಆದ ಪ್ರತಿ ಜನನವನ್ನೂ ನೋಂದಾಯಿಸಬೇಕು ಎನ್ನುತ್ತದೆ 1969ರ ಜನನ ಮರಣ ನೋಂದಣಿ ಕಾಯ್ದೆ. ತಂದೆ ತಾಯಿ ಯಾವ ದೇಶದವರಾದರೂ ಸರಿ. ಆಸ್ಪತ್ರೆಯಲ್ಲಿ ಹೆರಿಗೆ ಆಗಿದ್ದರೆ ತಾಯಿ ಕಾರ್ಡು, ಡಿಸ್ಚಾರ್ಜ್ ಚೀಟಿ ಹುಡುಕಿಸಿ. ಹುಟ್ಟಿದ ಪ್ರಮಾಣಪತ್ರದಿಂದ ಪೌರತ್ವ ಬರುವುದಿಲ್ಲ, ಆ ಆಸೆ ಹುಟ್ಟಿಸಬೇಡಿ. ಆದರೆ ವಯಸ್ಸಿಗೆ ಅದಕ್ಕಿಂತ ಗಟ್ಟಿ ದಾಖಲೆ ಇಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶವೂ ಸೇರಿ ಎಲ್ಲದಕ್ಕೂ ಹುಟ್ಟಿದ ದಿನಾಂಕದ ಪುರಾವೆ ಅದೇ. ಶೆಡ್‌ಗಳಲ್ಲಿ ಅಂಥ ಕೂಸುಗಳಿದ್ದರೆ ಈಗಲೇ ಮಾಡಿಸಿಡಿ.

ಯಾವ ಕ್ಲಾಸು ಎಂದು ಕೇಳಿದ್ದೀರಿ. ಎಂಟು ವರ್ಷದ ಮಗು ಮೂರನೇ ಕ್ಲಾಸಿಗೆ ಸೇರಬೇಕು. ಒಂದನೇ ಕ್ಲಾಸಿಗಲ್ಲ. ಆರ್‌ಟಿಇಯ 4ನೇ ಸೆಕ್ಷನ್ ಹೇಳುವುದು ಇದನ್ನೇ: ಶಾಲೆಗೆ ಹೋಗದೇ ಉಳಿದ ಮಗುವನ್ನು ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು. ಈ ತರಬೇತಿ ಕನಿಷ್ಠ 3 ತಿಂಗಳು, ಬೇಕಾದರೆ 2 ವರ್ಷದವರೆಗೂ ನಡೆಯಬಹುದು. ತಡವಾಗಿ ಶುರು ಮಾಡಿದ ಮಗುವಿಗೆ 14 ದಾಟಿದರೂ ಎಂಟನೇ ಕ್ಲಾಸು ಮುಗಿಸುವವರೆಗೆ ಉಚಿತವಾಗಿ ಓದುವ ಹಕ್ಕಿದೆ. ವರ್ಷದ ಮಧ್ಯೆ ಬಂದಿದ್ದೀರಿ ಎಂಬ ನೆಪಕ್ಕೂ ಜಾಗವಿಲ್ಲ.

‘ಅಕ್ಷರವೇ ಬಾರದ ಮಗು ಮೂರನೇ ಕ್ಲಾಸಿನಲ್ಲಿ ಏನು ಮಾಡುತ್ತೆ’ ಎಂದು ಟೀಚರ್ ಕೇಳಿದರೆ, ನಮ್ಮ ಸರ್ಕಾರಿ ಶಾಲೆಗಳಲ್ಲೇ ಉತ್ತರ ಇದೆ. ಅದು ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡುಗಳನ್ನು ಹಿಡಿದು ಗುಂಪುಗುಂಪಾಗಿ ಕಲಿಯುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಪ್ರತಿ ಮಗುವೂ ತಾನು ನಿಂತ ಮೆಟ್ಟಿಲಿನಿಂದ ಮುಂದಕ್ಕೆ ಹೋಗುತ್ತದೆ. ಹೊಸದಾಗಿ ಬಂದ ಎಂಟು ವರ್ಷದವಳು ಮೊದಲ ಮೆಟ್ಟಿಲಿನಿಂದ ಶುರು ಮಾಡಿದರೂ ಅಲ್ಲಿ ಯಾರಿಗೂ ವಿಚಿತ್ರ ಅನಿಸುವುದಿಲ್ಲ, ಏಕೆಂದರೆ ಪಕ್ಕದಲ್ಲಿ ಕೂತವರೂ ಬೇರೆ ಬೇರೆ ಮೆಟ್ಟಿಲಿನಲ್ಲೇ ಇರುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಿರಾಶ್ರಿತ ಮಗುವಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಇದಕ್ಕೇ ನಿಮಗೆ ಈ ವರ್ಷವೇ ಸೇರಿಸಿ ಎಂದು ಒತ್ತಾಯ ಮಾಡುತ್ತಿರುವುದು. ಒಂಬತ್ತಾದರೆ ನಾಲ್ಕನೇ ಕ್ಲಾಸು. ಅಲ್ಲಿ ನಲಿ-ಕಲಿ ಇಲ್ಲ, ಪುಸ್ತಕ ಹಿಡಿದು ಓದಲೇಬೇಕು. ಆಗ ಹಿಂದೆ ಬಿದ್ದ ಮಗು ಬೇಗ ಶಾಲೆ ಬಿಡುತ್ತದೆ.

ಭಾಷೆಗೆ ಹೆದರಬೇಡಿ. ರೋಹಿಂಗ್ಯಾ ಮಾತು ಚಿತ್ತಗಾಂಗ್ ಕಡೆಯ ಬಂಗಾಳಿಗೆ ಹತ್ತಿರ. ಬೆಂಗಳೂರಿನಲ್ಲಿ ಬೆಳೆದ ಮಕ್ಕಳಿಗೆ ಹಿಂದಿ, ಉರ್ದು ಅರ್ಥವಾಗುತ್ತದೆ, ಬೀದಿಯ ಕನ್ನಡವೂ ಬಾಯಲ್ಲಿರುತ್ತದೆ. ಹತ್ತಿರದಲ್ಲಿ ಸರ್ಕಾರಿ ಉರ್ದು ಶಾಲೆ ಇದ್ದು ಕುಟುಂಬಕ್ಕೆ ಅದೇ ಇಷ್ಟವಾದರೆ ಅದೂ ಒಳ್ಳೆಯದೇ, ಕನ್ನಡ ಅಲ್ಲೂ ಕಲಿಸುತ್ತಾರೆ. ಆಯ್ಕೆ ನಿಮಗೆ ಬಿಟ್ಟರೆ ನಡೆದು ಹೋಗುವಷ್ಟು ಹತ್ತಿರದ ಶಾಲೆ ಯಾವುದೋ ಅದನ್ನೇ ಹಿಡಿಯಿರಿ. ಸಿಂಧನೂರಿನ ಆರ್‌ಎಚ್ ಕ್ಯಾಂಪ್‌ಗಳಿಗೆ, ಅಂದರೆ ಪುನರ್ವಸತಿ ಶಿಬಿರಗಳಿಗೆ, ಪೂರ್ವ ಬಂಗಾಳದಿಂದ ಬಂದ ಕುಟುಂಬಗಳನ್ನು ನೋಡಿ. ಮನೆಯಲ್ಲಿ ಬಂಗಾಳಿ ಮಾತಾಡಿಕೊಂಡೇ ಅಲ್ಲಿನ ಮಕ್ಕಳು ಕನ್ನಡ ಕಲಿತರು.

ಈಗ ನಿಮ್ಮ ಮಹಿಳಾ ಸಂಘದ ಯೋಚನೆ. ಅವರ ಮನಸ್ಸು ದೊಡ್ಡದು. ಆದರೂ ಶಾಲೆಯ ಬದಲಿಗೆ ಅದು ಬೇಡ. ನಿರಾಶ್ರಿತರಿಗೆ ಪ್ರತ್ಯೇಕ ಶಾಲೆ ಎಂದ ಕೂಡಲೇ ನಮಗೆ ಬೈಲಕುಪ್ಪೆ ನೆನಪಾಗುತ್ತದೆ. 1959ರಲ್ಲಿ ದಲೈ ಲಾಮಾ ಅವರ ಹಿಂದೆ ಟಿಬೆಟನ್ನರು ಬಂದಾಗ ಆಗಿನ ಮೈಸೂರು ರಾಜ್ಯ ಅಲ್ಲಿ ಜಮೀನು ಕೊಟ್ಟಿತು. ಟಿಬೆಟನ್ ಮಕ್ಕಳ ಮೊದಲ ಶಾಲೆ 1960ರಲ್ಲಿ ಮಸ್ಸೂರಿಯಲ್ಲಿ ತೆರೆಯಿತು. 1961ರಲ್ಲಿ ಅವರ ಶಾಲೆಗಳನ್ನು ನಡೆಸಲೆಂದೇ ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗೆ ಒಂದು ಸಂಸ್ಥೆ ಬಂತು. ಬೈಲಕುಪ್ಪೆ, ಮುಂಡಗೋಡ, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ ಎಲ್ಲ ಕಡೆಯೂ ಮಕ್ಕಳು ತಮ್ಮ ಭಾಷೆ, ಧರ್ಮ ಉಳಿಸಿಕೊಂಡು ಓದಿದರು. ಅದು ಪ್ರತ್ಯೇಕ ಶಾಲೆ ನಿಜ, ಆದರೆ ಸರ್ಕಾರದ ದುಡ್ಡಿನಲ್ಲಿ, ಸರ್ಕಾರ ಮಾನ್ಯ ಮಾಡಿದ ಪರೀಕ್ಷೆಗೆ ಕೂರಿಸುವ ಶಾಲೆ. ತಮಿಳುನಾಡಿನಲ್ಲಿ 1983ರಿಂದ ಬಂದ ಶ್ರೀಲಂಕಾ ತಮಿಳರ ಮಕ್ಕಳಿಗೆ ಇನ್ನೊಂದು ದಾರಿ ಸಿಕ್ಕಿತು. ಭಾಷೆ ಒಂದೇ ಆದ್ದರಿಂದ ಅವರು ಊರಿನ ಸರ್ಕಾರಿ ಶಾಲೆಗೇ ಹೋದರು. 1991ರಲ್ಲಿ ರಾಜೀವ್ ಗಾಂಧಿ ಹತ್ಯೆಯ ನಂತರ ಕೆಲಕಾಲ ಆ ಬಾಗಿಲು ಮುಚ್ಚಿತು, ಆಮೇಲೆ ಮತ್ತೆ ತೆರೆಯಿತು. ಎರಡೂ ದಾರಿ ಫಲ ಕೊಟ್ಟವು, ಏಕೆಂದರೆ ಎರಡರ ಹಿಂದೆಯೂ ಸರ್ಕಾರ ನಿಂತಿತ್ತು.

ನಿಮ್ಮ ಶೆಡ್ ಪಾಠಶಾಲೆಯ ಹಿಂದೆ ಯಾರಿದ್ದಾರೆ? ನೀವು ನಾಲ್ಕು ಜನ. ಅಲ್ಲಿ ಎಷ್ಟು ಚೆನ್ನಾಗಿ ಕಲಿತರೂ ಟಿ.ಸಿ. ಸಿಗುವುದಿಲ್ಲ, ಅಂಕಪಟ್ಟಿ ಸಿಗುವುದಿಲ್ಲ. ಹೈಸ್ಕೂಲಿನ ಬಾಗಿಲಲ್ಲಿ ಮಗು ಮತ್ತೆ ಬರಿಗೈಯಲ್ಲಿ ನಿಲ್ಲುತ್ತದೆ. ಜಗತ್ತಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಯುಎನ್‌ಎಚ್‌ಸಿಆರ್‌ನ 2024ರ ಶಿಕ್ಷಣ ವರದಿ ಪ್ರಕಾರ ಶಾಲಾ ವಯಸ್ಸಿನ ನಿರಾಶ್ರಿತ ಮಕ್ಕಳು ಸುಮಾರು 1.48 ಕೋಟಿ. ಅವರಲ್ಲಿ ಸುಮಾರು 72 ಲಕ್ಷ ಮಕ್ಕಳು ಶಾಲೆಯ ಹೊರಗೇ ಇದ್ದರು. ಪ್ರಾಥಮಿಕ ಹಂತದಲ್ಲಿ ದಾಖಲಾತಿ ಶೇ 65 ಇದ್ದದ್ದು ಪ್ರೌಢ ಹಂತಕ್ಕೆ ಬರುವಾಗ ಶೇ 42ಕ್ಕೆ ಇಳಿದಿತ್ತು. ಅದಕ್ಕೇ ದಾಖಲಾತಿ ಸರ್ಕಾರಿ ಶಾಲೆಯಲ್ಲೇ ಆಗಲಿ. ನಿಮ್ಮ ಸಂಘದವರು ಸಂಜೆ ಒಂದು ಗಂಟೆ ಕೂತು ಕನ್ನಡ ಅಕ್ಷರ, ಮಗ್ಗಿ ಹೇಳಿಕೊಡಲಿ. ಅದರಷ್ಟು ಉಪಕಾರ ಬೇರೆ ಇಲ್ಲ, ಯಾಕೆಂದರೆ ಮನೆಯಲ್ಲಿ ಹೋಂವರ್ಕ್ ನೋಡುವವರು ಯಾರೂ ಇರುವುದಿಲ್ಲ.

ತೊಂದರೆ ಆಗಬಹುದಾ ಎಂಬುದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಮಗುವನ್ನು ಶಾಲೆಗೆ ಕರೆದುಕೊಂಡು ಹೋಗುವುದು, ಅರ್ಜಿ ಬರೆದುಕೊಡುವುದು ಅಪರಾಧವಲ್ಲ. ನಿಮ್ಮ ಮಟ್ಟಿಗೆ ಹೆದರುವ ಕಾರಣವಿಲ್ಲ. ಆದರೆ ಆ ಕುಟುಂಬದ ಪರಿಸ್ಥಿತಿ ನಾಜೂಕು. ಕೇಂದ್ರ ಸರ್ಕಾರ ರೋಹಿಂಗ್ಯಾರನ್ನು ಅಕ್ರಮ ವಲಸಿಗರು ಎಂದೇ ನೋಡುತ್ತದೆ. ಯುಎನ್‌ಎಚ್‌ಸಿಆರ್ ಕಾರ್ಡ್ ಇದ್ದರೂ ಇಲ್ಲಿ ಇರಲು ಅದೇ ಪರವಾನಗಿ ಆಗುವುದಿಲ್ಲ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯ ಪ್ರಕಾರ ವಿದೇಶಿಯರನ್ನು ಸೇರಿಸಿಕೊಳ್ಳುವ ಶಿಕ್ಷಣ ಸಂಸ್ಥೆಗಳು ವಿದೇಶಿಯರ ನೋಂದಣಿ ಅಧಿಕಾರಿಗೆ ಮಾಹಿತಿ ಕೊಡಬೇಕು. ಮಾಹಿತಿ ಕೊಡುವುದು ಬೇರೆ, ಮಗುವನ್ನು ಹೊರಗಿಡುವುದು ಬೇರೆ. ಮೊದಲನೆಯದು ಇದೆ ಎಂದು ಎರಡನೆಯದು ಸರಿಯಾಗುವುದಿಲ್ಲ. ಆದರೆ ಈ ವಿಷಯ ತಂದೆ ತಾಯಿಗೆ ಮೊದಲೇ ಗೊತ್ತಿರಬೇಕು. ಅವರ ಭಾಷೆ ಬಲ್ಲವರ ಮೂಲಕ ಬಿಡಿಸಿ ಹೇಳಿ, ಯೋಚನೆ ಮಾಡಲು ಸಮಯ ಕೊಡಿ, ತೀರ್ಮಾನ ಅವರದ್ದೇ ಆಗಿರಲಿ. ಅದಕ್ಕೆ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರನ್ನು ತಾಯಿ ಒಮ್ಮೆ ಕಾಣಲಿ. ಮಹಿಳೆಯರಿಗೆ, ಮಕ್ಕಳಿಗೆ ಅಲ್ಲಿ ಕಾನೂನು ನೆರವು ಉಚಿತ.

ಅರ್ಜಿ ಒಂದು ಪುಟ ಸಾಕು. ತಾಯಿಯ ಹೆಸರಲ್ಲೇ ಇರಲಿ, ಸಹಿ ಬಾರದಿದ್ದರೆ ಹೆಬ್ಬೆಟ್ಟು. ಮಗುವಿನ ಹೆಸರು, ವಯಸ್ಸು, ಈಗಿರುವ ಜಾಗ ಬರೆಯಿರಿ. 2009ರ ಕಾಯ್ದೆಯ 3, 4, 14ನೇ ಸೆಕ್ಷನ್ ಪ್ರಕಾರ ಮೂರನೇ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು ಎಂದು ಕೇಳಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿಯ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಶಾಲೆ ತಗೊಳ್ಳದಿದ್ದರೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳಿಸಿ. ಬಹಳ ಕಡೆ ಬಿಇಒ ಕಚೇರಿಯಿಂದ ಒಂದು ಫೋನ್ ಹೋದರೆ ಕೆಲಸ ಆಗುತ್ತದೆ. ಆಗದಿದ್ದರೆ 32ನೇ ಸೆಕ್ಷನ್ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ. 3 ತಿಂಗಳ ಒಳಗೆ ಅವರು ತೀರ್ಮಾನ ಹೇಳಬೇಕು. ಅಲ್ಲೂ ನ್ಯಾಯ ಸಿಗದಿದ್ದರೆ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ನಮ್ಮ ಹೈಕೋರ್ಟ್ 2013ರಲ್ಲಿ ತಾನಾಗಿಯೇ ಕೈಗೆತ್ತಿಕೊಂಡಿತ್ತು, ಹಾಗಾಗಿ ಇಲಾಖೆಯವರಿಗೆ ಈ ಮಾತಿನ ತೂಕ ಗೊತ್ತಿದೆ. ಅರ್ಜಿಯಲ್ಲಿ ‘ಶಾಲೆಯಿಂದ ಹೊರಗುಳಿದ ಮಗು’ ಎಂಬ ಪದವನ್ನೇ ಬಳಸಿ.

ನೀವು ಕೇಳದ ಒಂದು ವಿಷಯ ಬಾಕಿ ಇದೆ. ಇಂಥ ಮನೆಗಳಲ್ಲಿ ಎಂಟು ವರ್ಷದ ಹುಡುಗಿಯ ಸೊಂಟದ ಮೇಲೆ ಸಾಮಾನ್ಯವಾಗಿ ಒಂದು ಕೂಸು ಇರುತ್ತದೆ. ಅಪ್ಪ ಅಮ್ಮ ಬೆಳಗ್ಗೆ ಚಿಂದಿ ಆಯಲು ಹೋದರೆ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುವವಳು ಇವಳೇ. ದಾಖಲಾತಿ ಆದ ಮೇಲೂ ಹುಡುಗಿಯರು ಶಾಲೆ ತಪ್ಪಿಸುವುದು ಜಾಸ್ತಿ ಇದೇ ಕಾರಣಕ್ಕೆ. ಈ ಮನೆಯಲ್ಲೂ ಮೂರು ದಾಟಿದ ಚಿಕ್ಕ ಮಗು ಇದ್ದರೆ, ಹುಡುಗಿ ಶಾಲೆಗೆ ಸೇರುವ ವಾರವೇ ಆ ಮಗುವನ್ನು ಹತ್ತಿರದ ಅಂಗನವಾಡಿಗೆ ಸೇರಿಸಿ. ಇನ್ನೂ ಚಿಕ್ಕದಾದರೆ ಅಕ್ಕಪಕ್ಕದ ಶೆಡ್‌ನ ಹೆಂಗಸರ ಜೊತೆ ಮಾತಾಡಿ, ಬೆಳಗಿನ ಹೊತ್ತು ಮಕ್ಕಳನ್ನು ಸರದಿಯಲ್ಲಿ ನೋಡಿಕೊಳ್ಳುವ ಏರ್ಪಾಡು ಮಾಡಿ. ನಿಮ್ಮ ಸಂಘದವರಿಗೆ ಕೈ ಜೋಡಿಸುವ ಆಸೆ ಇದೆಯಲ್ಲ, ಅವರನ್ನು ಮೊದಲು ಈ ಕೆಲಸಕ್ಕೆ ಹಚ್ಚಿ.